ಹಳ್ಳಿಯಲ್ಲಿ ನೋಡುವುದಕ್ಕೆ ಏನಿದೆ?

ರಜೆಯನ್ನು ಹಳ್ಳಿಯೊಂದರಲ್ಲಿ ಕಳೆದು ಬಂದೆನೆಂದು ಹೇಳಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ‘ಮೂರು ದಿನ ಅಲ್ಲಿ ಏನು ನೋಡಿದಿರಿ, ಏನು ಮಾಡಿದಿರಿ?’ ಕೇಳುವವರ ದನಿಯಲ್ಲಿ ಕುತೂಹಲಕ್ಕಿಂತ ಅನುಮಾನವೇ ಹೆಚ್ಚಿರುತ್ತದೆ. ಅವರನ್ನು ದೂರಲಾರೆ, ಮೊದಲ ಸಲ ಹೋದಾಗ ನಾನೂ ನೋಡತಕ್ಕ ಸ್ಥಳಗಳ ಪಟ್ಟಿಯನ್ನು ಬರೆದುಕೊಂಡು ಹೋಗಿ, ಕೆರೆ, ಗುಡ್ಡ, ಹಳೆಯ ಕಟ್ಟಡ ಎಲ್ಲವನ್ನೂ ಬೆಳಿಗ್ಗೆ ಹನ್ನೊಂದರೊಳಗೆ ಮುಗಿಸಿ, ಉಳಿದ ಎರಡೂವರೆ ದಿನ ಮೊಬೈಲಿಗೆ ಸಿಗ್ನಲ್ ಹುಡುಕುತ್ತ ಅಲೆದಿದ್ದೆ. ಹಳ್ಳಿಯಲ್ಲಿ ಸ್ಥಳಗಳು ಕಡಿಮೆ, ಹೊತ್ತುಗಳು ಹೆಚ್ಚು ಎಂಬುದು ತಿಳಿದದ್ದು ಎರಡನೆಯ ಸಲ.

ಈಗ ಹೊರಡುವ ದಿನವನ್ನು ನಾನು ಗೊತ್ತುಮಾಡುವುದು ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವಾಗ ಬರುತ್ತದೆಂದು ನೋಡಿ. ಮನುಷ್ಯಕುಲದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿಗೆ ತಾವಿರುವ ಜಾಗದಿಂದ ಆಕಾಶಗಂಗೆ ಕಾಣುವುದಿಲ್ಲವೆಂದು 2016ರಲ್ಲಿ ಪ್ರಕಟವಾದ ಜಾಗತಿಕ ಬೆಳಕುಮಾಲಿನ್ಯದ ಅಧ್ಯಯನವೊಂದು ತಿಳಿಸಿತು. ದೀಪಗಳು ವಿರಳವಾಗಿರುವ ಹಳ್ಳಿಯಲ್ಲಾದರೆ, ಮೋಡವಿಲ್ಲದ ರಾತ್ರಿ, ಅದನ್ನು ಕಾಣಲು ಯಾವ ಉಪಕರಣವೂ ಬೇಡ. ಬೇಕಾದದ್ದು ತಾಳ್ಮೆ ಮಾತ್ರ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಯಾರಾದರೂ ಮೊಬೈಲಿನ ಪರದೆ ಬೆಳಗಿಸಿದರೆ ಲೆಕ್ಕ ಮತ್ತೆ ಮೊದಲಿನಿಂದ. ದಾರಿಗೆ ಬೆಳಕು ಬೇಕೇಬೇಕೆಂದರೆ ಟಾರ್ಚಿನ ಗಾಜಿಗೆ ಕೆಂಪು ಕಾಗದ ಸುತ್ತಿಕೊಳ್ಳಬೇಕು, ಏಕೆಂದರೆ ಮಂದ ಬೆಳಕಿನಲ್ಲಿ ಕೆಲಸಮಾಡುವ ಅಕ್ಷಿಪಟಲದ ಕೋಶಗಳು ಕೆಂಪಿಗೆ ಹೆಚ್ಚು ಸ್ಪಂದಿಸುವುದಿಲ್ಲ. ಆ ಕೋಶಗಳು ದೃಷ್ಟಿಯ ನಟ್ಟನಡುವೆ ಇಲ್ಲದಿರುವುದರಿಂದ, ತೀರ ಮಸುಕಾದ ವಸ್ತುವನ್ನು ನೇರವಾಗಿ ದಿಟ್ಟಿಸದೆ ಅದರ ತುಸು ಪಕ್ಕಕ್ಕೆ ನೋಡಿದಾಗಲೇ ಅದು ಚೆನ್ನಾಗಿ ಕಾಣುತ್ತದೆ. ಆಂಡ್ರೊಮಿಡಾ ಗ್ಯಾಲಕ್ಸಿಯನ್ನು ನಾನು ಹಾಗೆ ಓರೆಗಣ್ಣಿನಲ್ಲೇ ಕಂಡದ್ದು: ಒರೆಸಿ ಉಳಿದ ಸೀಮೆಸುಣ್ಣದ ಗುರುತಿನಂಥ ಒಂದು ಮಸುಕು, ಸುಮಾರು 25 ಲಕ್ಷ ವರ್ಷಗಳ ಹಿಂದೆ ಹೊರಟ ಬೆಳಕು. ಪಕ್ಕದಲ್ಲಿದ್ದ ಗೆಳೆಯ ‘ಇಷ್ಟೇನಾ?’ ಎಂದ. ಇಷ್ಟೇ.

ಕಣ್ಣು ಹೊಂದಿಕೊಳ್ಳುವವರೆಗೆ ಕಿವಿಗೆ ಕೆಲಸ ಕೊಡಬಹುದು. ಜೀರುಂಡೆಗಳ ಸದ್ದು ಸೆಕೆಯಲ್ಲಿ ಚುರುಕಾಗಿ ತಂಪಿನಲ್ಲಿ ನಿಧಾನವಾಗುವುದನ್ನು ಆಧರಿಸಿ, ಅಮೆರಿಕದ ಭೌತವಿಜ್ಞಾನಿ ಏಮೋಸ್ ಡಾಲ್‌ಬೇರ್ 1897ರಲ್ಲಿ ಆ ಸದ್ದಿನಿಂದ ತಾಪಮಾನವನ್ನು ಅಳೆಯುವ ಸೂತ್ರವೊಂದನ್ನು ಪ್ರಕಟಿಸಿದರು. ಎಂಟು ಸೆಕೆಂಡುಗಳಲ್ಲಿ ಕೇಳಿಸುವ ‘ಚಿರ್’ ಸದ್ದುಗಳನ್ನು ಎಣಿಸಿ ಐದು ಕೂಡಿಸಿದರೆ ಸೆಲ್ಸಿಯಸ್ ಡಿಗ್ರಿ ಸಿಗುತ್ತದೆಂಬುದು ಅದರ ಸರಳ ರೂಪ. ಪ್ರಭೇದ ಬದಲಾದರೆ ಲೆಕ್ಕವೂ ತಪ್ಪುತ್ತದೆ, ಹಲವು ಹುಳುಗಳು ಒಟ್ಟಿಗೆ ಕೂಗಿದರಂತೂ ಎಣಿಕೆಯೇ ಸಾಗದು. ಆದರೂ ಮಕ್ಕಳು ಜೊತೆಗಿದ್ದರೆ ಇದಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ.

ಎರಡನೆಯ ಹೊತ್ತು ನಸುಕು. ಹಕ್ಕಿಗಳು ಹಾಡತೊಡಗುವುದು ಸೂರ್ಯೋದಯಕ್ಕೆ ಮುಕ್ಕಾಲು ಗಂಟೆ, ಒಂದು ಗಂಟೆ ಮೊದಲೇ. ಬಿಸಿಲೇರಿದ ಮೇಲೆ ಹೊರಟವರಿಗೆ ಸಿಗುವುದು ಉಳಿದ ಚೂರುಪಾರು ಮಾತ್ರ. ಆಹಾರ ಹುಡುಕುವಷ್ಟು ಬೆಳಕಿನ್ನೂ ಮೂಡದ ಆ ವೇಳೆಯನ್ನು ಗಂಡುಹಕ್ಕಿಗಳು ತಮ್ಮ ಗಡಿಯನ್ನು ಸಾರುವುದಕ್ಕೂ ಸಂಗಾತಿಯನ್ನು ಕರೆಯುವುದಕ್ಕೂ ಬಳಸುತ್ತವೆ. ಒಂದು ಕಡೆ ಅಲ್ಲಾಡದೆ ಕುಳಿತು, ಮೊದಲು ದನಿ ತೆಗೆದವರು ಯಾರು, ಯಾರು ಯಾವಾಗ ಸೇರಿಕೊಂಡರು ಎಂದು ಗಮನಿಸಿದರೆ ಮರುದಿನವೂ ಬಹುಮಟ್ಟಿಗೆ ಅದೇ ಸರದಿ ಕೇಳಿಸುತ್ತದೆ. ಹಕ್ಕಿಗಳ ಹೆಸರು ಗೊತ್ತಿರಬೇಕಾಗಿಲ್ಲ.

ಕೊಟ್ಟಿಗೆ ಮತ್ತು ಹೊಲದ ಕೆಲಸಗಳ ವಿಷಯದಲ್ಲಿ ನನಗೆ ಸ್ವಲ್ಪ ಮೊಂಡುತನವಿದೆ. ಅತಿಥಿಗಳಿಗೆಂದೇ ಏರ್ಪಡಿಸಿದ ಹಾಲು ಕರೆಯುವ ಪ್ರದರ್ಶನ, ಐದು ನಿಮಿಷದ ಉಳುಮೆ, ಅದರದೊಂದು ಫೋಟೊ: ಇವು ನನಗೆ ಹಿಡಿಸುವುದಿಲ್ಲ. ಕೃಷಿಕರ ಮನೆಯಲ್ಲಿ ತಂಗುವ ಪ್ರವಾಸಕ್ಕೆ ಇಟಲಿ 1985ರಲ್ಲೇ ಕಾನೂನು ಮಾಡಿದಾಗ, ಬೇಸಾಯವೇ ಮುಖ್ಯವಾಗಿರಬೇಕು, ಅತಿಥಿಸತ್ಕಾರ ಅದಕ್ಕೆ ಪೂರಕವಾಗಿರಬೇಕು ಎಂದು ವಿಧಿಸಿತ್ತು. ಉಳಿಯುವ ಮನೆಯನ್ನು ಆರಿಸುವಾಗ ನಾನೂ ಇದನ್ನೇ ವಿಚಾರಿಸುತ್ತೇನೆ: ನಾವು ಬಾರದಿದ್ದರೂ ಅಲ್ಲಿ ಆ ದಿನ ಕೆಲಸ ನಡೆಯುತ್ತಿತ್ತೇ? ಹೌದೆಂದಾದರೆ, ಯಜಮಾನರು ಕೊಟ್ಟಿಗೆಗೆ ಹೋಗುವ ಹೊತ್ತನ್ನು ಕೇಳಿಕೊಂಡು, ಅವರ ಕಾಲಿಗೆ ಅಡ್ಡಬಾರದಂತೆ ಜೊತೆಗೆ ಹೋಗಬಹುದು. ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕುಹಾಕುತ್ತದೆ. ನುಂಗಿದ ಮೇವು ಗಂಟಲಿನಲ್ಲಿ ಉಂಡೆಯಾಗಿ ಮೇಲೇರುವುದನ್ನೂ, ಹತ್ತಾರು ಸಲ ಅಗಿದಾದ ಮೇಲೆ ಮರಳಿ ಇಳಿಯುವುದನ್ನೂ ಕಣ್ಣಾರೆ ನೋಡಲು ಕೊಟ್ಟಿಗೆಯ ಬಾಗಿಲಲ್ಲಿ ಹತ್ತು ನಿಮಿಷ ನಿಂತರೆ ಸಾಕು.

ನಡಿಗೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಅಂದಾಜು ಇಂದಿಗೂ ಉಪಯೋಗಕ್ಕೆ ಬರುತ್ತದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಅದಕ್ಕೆ ನಾನು, ಮಾತಿಗೆ ನಿಲ್ಲಿಸಿಕೊಳ್ಳುವವರ ಲೆಕ್ಕದಲ್ಲಿ, ಮತ್ತೊಂದು ಗಂಟೆ ಸೇರಿಸುತ್ತೇನೆ. ದಾರಿಯ ಹಳೆಯ ಗೋಡೆಗಳಲ್ಲಿ ಕಲ್ಲುಹೂವು ಹಬ್ಬಿದ್ದರೆ ಬಗ್ಗಿ ನೋಡಬೇಕು. ಗಂಧಕದ ಹೊಗೆಯನ್ನು ತಾಳದ ಕಾರಣ, ಪೊದೆಯಂತೆ ಕವಲೊಡೆದು ಬೆಳೆಯುವ ಜಾತಿಗಳು ಗಾಳಿ ಶುದ್ಧವಾಗಿರುವಲ್ಲೇ ಹೆಚ್ಚಾಗಿ ಕಾಣಸಿಗುತ್ತವೆ.

ಮಧ್ಯಾಹ್ನ ನಾನು ನಿದ್ರೆ ಮಾಡುತ್ತೇನೆ. ರಾತ್ರಿ ನಕ್ಷತ್ರ ನೋಡಿ ನಸುಕಿಗೆ ಎದ್ದವನಿಗೆ ಬೇರೆ ದಾರಿಯೂ ಇಲ್ಲ. ಮೂರನೆಯ ದಿನಕ್ಕೆ ಏನು ಉಳಿಯಿತೆಂದು ಕೇಳಿದರೆ, ಬೆಳಿಗ್ಗೆ ನಡೆದ ದಾರಿಯಲ್ಲೇ ಆ ದಿನ ಸಂಜೆ, ದನಗಳು ಮನೆಗೆ ಮರಳುವ ಹೊತ್ತಿಗೆ, ಇನ್ನೊಮ್ಮೆ ಹೋಗಿ ಬರುವುದು ಉಳಿದಿರುತ್ತದೆ.