ತೊಡೆಸಂದಿಯ ನಾಡಿ

ಅಕ್ಕನ ಮಗನಿಗೆ ಒಂಬತ್ತು ವರ್ಷ. ಜ್ವರ ಬರುತ್ತಿತ್ತು, ಆಂಟಿಬಯಾಟಿಕ್ ಕೊಟ್ಟರೆ ಬಿಡುತ್ತಿತ್ತು, ಕೋರ್ಸ್ ಮುಗಿದರೆ ಮತ್ತೆ ಶುರು. ಟೈಫಾಯಿಡ್, ಡೆಂಗ್ಯೂ ಟೆಸ್ಟ್ ಎಲ್ಲಾ ಆಯಿತು. ಬೆನ್ನು ನೋವು ಅಂದಾಗ ಸ್ಕೂಲ್ ಬ್ಯಾಗಿನ ಭಾರಕ್ಕೆ ಅಂದರು ಅಜ್ಜಿ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲು ನೋಡಿದ್ದು ಒಬ್ಬ ಪಿಜಿ ಡಾಕ್ಟರಮ್ಮ. ನಮ್ಮ ದಪ್ಪ ಫೈಲನ್ನು ಪಕ್ಕಕ್ಕಿಟ್ಟರು. ಒಂದು ಕೈಯಲ್ಲಿ ಅವನ ಬಲಗೈ ಮಣಿಕಟ್ಟು ಹಿಡಿದು, ಇನ್ನೊಂದು ಕೈಬೆರಳನ್ನು ತೊಡೆಸಂದಿಯಲ್ಲಿ ಒತ್ತಿ ನಿಂತರು. ಎರಡೂ ನಾಡಿ ಒಟ್ಟಿಗೆ ಬಡಿಯಬೇಕಂತೆ. ಕೈಯದು ಜೋರಾಗಿತ್ತು, ತೊಡೆಯದು ತಡಕಾಡಿದರೂ ಸಿಗಲೊಲ್ಲದು. ಆಮೇಲೆ ಬಿಪಿ ಪಟ್ಟಿಯನ್ನು ಕಾಲಿಗೂ ಕಟ್ಟಿದರು. ಕಾಲಿನ ಬಿಪಿ ಕೈಗಿಂತ ತುಸು ಜಾಸ್ತಿಯೇ ಇರಬೇಕು. ಇವನದು ಉಲ್ಟಾ.

ಹೃದಯದ ಎಕೋ, ಸಿಟಿ ಸ್ಕ್ಯಾನ್ ಎರಡೂ ಆದವು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಇವನಿಗೆ ಹುಟ್ಟಿನಿಂದಲೇ ಒಂದು ಕಡೆ ಕಿರಿದು. ಅಲ್ಲಿಂದ ರಕ್ತ ರಭಸವಾಗಿ ನುಗ್ಗಿ ಮುಂದಿನ ಗೋಡೆಗೆ ಬಡಿದು ಒಳಪದರ ಕೆಡಿಸುತ್ತದೆ. ಹಲ್ಲಿನಿಂದಲೋ ಚರ್ಮದ ಗಾಯದಿಂದಲೋ ರಕ್ತಕ್ಕೆ ಬಂದ ಬ್ಯಾಕ್ಟೀರಿಯಾ ಅಲ್ಲೇ ಕೂತುಬಿಡುತ್ತದೆ. ಗೋಡೆ ಕೊಳೆತು ಉಬ್ಬುತ್ತದೆ. ಅದೇ ಸೋಂಕಿನ ಅನ್ಯೂರಿಸಂ. ಮಕ್ಕಳಲ್ಲಿ ತೀರಾ ಅಪರೂಪ. ಆದರೆ ಒಡೆದರೆ ಕಥೆ ಮುಗೀತು.

ಔಷಧಿ ಶುರು ಮಾಡುವ ಮೊದಲೇ ಬೇರೆಬೇರೆ ಕಡೆ ಚುಚ್ಚಿ ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡೋಕೆ, ರಕ್ತ ತೆಗೆದರು. ಸ್ಟ್ಯಾಫ್ ಅನ್ನೋ ಬ್ಯಾಕ್ಟೀರಿಯಾ ಬೆಳೆಯಿತು. ಮೊದಲೆಲ್ಲ ಜ್ವರ ಬಂದಾಗ ಹೀಗೆ ಕಲ್ಚರ್ ಮಾಡದೆ ಆಂಟಿಬಯಾಟಿಕ್ ಕೊಟ್ಟಿದ್ದರಲ್ಲ, ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಸರ್ಜನ್ ಲ್ಯಾಬ್ ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆದು ತೋರಿಸಿದರು. ಕಿರಿದಾದ ತುಂಡು, ಉಬ್ಬಿದ ತುಂಡು ಎರಡನ್ನೂ ಕತ್ತರಿಸಿ ನಡುವೆ ಕೊಳವೆ ಹೊಲಿಯಬೇಕು. ಅಷ್ಟು ಹೊತ್ತು ಆ ನಾಳಕ್ಕೆ ಕ್ಲ್ಯಾಂಪ್. ಬೆನ್ನುಹುರಿಗೆ ರಕ್ತ ಕಡಿಮೆಯಾದರೆ ಕಾಲಿನ ಸ್ವಾಧೀನ ಹೋಗಬಹುದು ಅಂದರು. ಭಾವ ಸಹಿ ಹಾಕಿದ. ಅವನ ಅಕ್ಷರ ಅವನದೇ ಅನ್ನಿಸಲಿಲ್ಲ.

ಐಸಿಯುನಲ್ಲಿ ಹುಡುಗ ಕಣ್ಣು ಬಿಟ್ಟಾಗ ಅಕ್ಕ ಹೇಗಿದ್ದೀಯ ಅಂತಲೂ ಕೇಳಲಿಲ್ಲ. "ಕಾಲ್ಬೆರಳು ಅಲ್ಲಾಡಿಸು ಪುಟ್ಟ" ಅಂದಳು. ಅಲ್ಲಾಡಿಸಿದ.

ಆಮೇಲೂ 6 ವಾರ ರಕ್ತನಾಳಕ್ಕೇ ಆಂಟಿಬಯಾಟಿಕ್. ಹುಡುಗ ಬೆಳೆದ ಹಾಗೆ ಕೊಳವೆ ಬೆಳೆಯಲ್ಲ, ಮುಂದೆ ಇನ್ನೊಂದು ಆಪರೇಷನ್ ಬೇಕಾಗಬಹುದು. ಹಲ್ಲು ಕೀಳಿಸುವ ಮೊದಲೂ ಈ ಡಾಕ್ಟರನ್ನು ಕೇಳಬೇಕು. ಈಗ ಯಾವ ಕ್ಲಿನಿಕ್‌ಗೆ ಹೋದರೂ ಅಕ್ಕ ಕಾಲಿನ ಬಿಪಿಯನ್ನೂ ನೋಡಿ ಅನ್ನುತ್ತಾಳೆ. ಕೆಲವರು ಮುಖ ಸಿಂಡರಿಸುತ್ತಾರೆ. ಅವಳು ಕುರ್ಚಿ ಬಿಟ್ಟು ಏಳಲ್ಲ.