ಸಿಟ್ಟು ಬರೂದಿಲ್ಲೇನ್ರಿ ಅಂತ ಕೇಳುವವರಿಗೆ

ಬಾಗಲಕೋಟೆಯ ನವನಗರದಲ್ಲಿ ನಾನು ಕಾರು ಕಲಿಸುತ್ತೇನೆ. ಕಲಿಯಲು ಬರುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಸಾಲಿ ಟೀಚರು, ನರ್ಸು, ಬ್ಯಾಂಕಿನವರು, ಮಕ್ಕಳು ದೊಡ್ಡವರಾದ ಮೇಲೆ ಧೈರ್ಯ ಮಾಡಿ ಬಂದವರು. ಸ್ಟೇರಿಂಗ್ ಹಿಡಿದು ನಾಲ್ಕು ದಿನ ಆಗುವಷ್ಟರಲ್ಲಿ ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ: "ಅಕ್ಕಾರ, ದಿನಾ ಇಂಥಾ ಮಂದಿ ನಡುವ ಗಾಡಿ ಹೊಡೀತೀರಲ್ಲ, ನಿಮಗ ಸಿಟ್ಟ ಬರೂದಿಲ್ಲೇನ್ರಿ?" ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರೂ ಇದನ್ನೇ ಕೇಳಿದ್ದಾರೆ. ಊಟ ಮುಗಿಯುವುದರೊಳಗೆ ಹೇಳಿ ಮುಗಿಸುವ ಉತ್ತರ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ಆದರೆ ನಮ್ಮ ಕಡೆ ಜನ ರಸ್ತೆಯ ಮೇಲೆ ಸಿಟ್ಟು ಮಾಡುವ ವಿಷಯಗಳೇ ಬೇರೆ, ಸಿಟ್ಟು ಮಾಡಬೇಕಾದ ವಿಷಯಗಳೇ ಬೇರೆ ಆಗಿಬಿಟ್ಟಿವೆ. ಹಿಂದಿನವನು ಎರಡು ಸಲ ಹಾರ್ನ್ ಹೊಡೆದರೆ ಗಾಡಿ ಅಡ್ಡ ನಿಲ್ಲಿಸಿ ಇಳಿಯುತ್ತೇವೆ. ಅದೇ ರಾತ್ರಿ ಒಂದೂ ದೀಪವಿಲ್ಲದ ಕಬ್ಬಿನ ಟ್ರೇಲರು ಎದುರಿಗೆ ಬಂದು ಜೀವ ಬಾಯಿಗೆ ಬಂದಾಗ "ಹಂಗಾಮ ಅಲ್ಲೇನ್ರಿ, ಇರೂದ" ಅಂದು ಮುಂದೆ ಹೋಗುತ್ತೇವೆ. ನನಗೆ ಇದು ತಲೆಕೆಳಗಾಗಿ ಕಾಣುತ್ತದೆ.

ಮೊದಲು ಹಾರ್ನಿನ ಮಾತು. ನವನಗರ ಆಲಮಟ್ಟಿಯ ಹಿನ್ನೀರಿಗೆ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರು. ಸೆಕ್ಟರುಗಳು, ಅಗಲ ರಸ್ತೆ, ನಡುನಡುವೆ ಸರ್ಕಲ್ಲು. ಕಲಿಯುವವರಿಗೆ ಒಳ್ಳೆಯ ಜಾಗ. ಸರ್ಕಲ್ಲಿನ ಬಾಯಿಗೆ ಬಂದಾಗ ಮಾತ್ರ ಎಲ್ಲರ ಕೈ ನಡುಗುತ್ತದೆ. ಒಬ್ಬ ಟೀಚರು, ಐವತ್ತರ ಹತ್ತಿರದವರು, ಅಲ್ಲಿ ಕ್ಲಚ್ ಬೇಗ ಬಿಟ್ಟು ಗಾಡಿ ಬಂದ್ ಬಿತ್ತು. ಹಿಂದೆ ಒಂದು ಬೊಲೆರೋ, ಅದರ ಹಿಂದೆ ಟಂಟಂ ಆಟೋ. ಎರಡೂ ಒಟ್ಟಿಗೆ ಹಾರ್ನ್ ಹಿಡಿದವು. ಟೀಚರಿನ ಕೈ ಚಾವಿ ಮುಟ್ಟುತ್ತದೆ, ತಿರುಗಿಸಲು ಆಗುತ್ತಿಲ್ಲ. ಕುತ್ತಿಗೆಯ ಮೇಲೆ ಬೆವರು. ಹಿಂದೆ ಕೆಂಪಕ್ಷರದ ಎಲ್ ಬೋರ್ಡ್ ಎದ್ದು ಕಾಣುವಂತೆ ಇದೆ. ಬೊಲೆರೋದವನು ಪಕ್ಕಕ್ಕೆ ಬಂದು ಗಾಜು ಇಳಿಸಿ "ಏನ್ರಿ ಬಾಯಾರ, ಮನ್ಯಾಗ ಕುಂಡ್ರೂದ್ ಬಿಟ್ಟ" ಅಂದು ಹೋದ. ಅವರು ಅವತ್ತು ಮತ್ತೆ ಗಾಡಿ ಮುಟ್ಟಲಿಲ್ಲ. ನಾಲ್ಕನೆಯ ದಿನ ವಾಪಸ್ ಬಂದರು, ಈಗ ಜಮಖಂಡಿಯ ತವರಿಗೆ ತಾವೇ ಹೊಡೆದುಕೊಂಡು ಹೋಗುತ್ತಾರೆ.

ಆ ಮನುಷ್ಯನೇ ಹಳೆ ಊರಿನ ಮಾರ್ಕೆಟ್ಟಿನ ಸಂದಿಯಲ್ಲಿ ನಡೆದು ಹೋಗುವಾಗ ಅದೇ ಟೀಚರು ಅಡ್ಡ ಬಂದಿದ್ದರೆ "ಸ್ವಲ್ಪ ಸರೀರಿ ಅಕ್ಕಾರ" ಅನ್ನುತ್ತಿದ್ದ, ಇದರಲ್ಲಿ ನನಗೆ ಸಂಶಯವಿಲ್ಲ. ಅಲ್ಲಿ ಮುಖ ಕಾಣುತ್ತದೆ, ವಯಸ್ಸು ಕಾಣುತ್ತದೆ, ಕೈಯಲ್ಲಿನ ಕೈಚೀಲ ಕಾಣುತ್ತದೆ. ಗಾಡಿಯೊಳಗೆ ಕೂತವನಿಗೆ ಮುಂದೆ ಕಾಣುವುದು ಬರೀ ಒಂದು ಡಿಕ್ಕಿ ಮತ್ತು ನಂಬರ್ ಪ್ಲೇಟು. ಕ್ಷಮಿಸಿ ಅನ್ನಲಿಕ್ಕೂ, ಬೇಗ ಸರಿ ಅನ್ನಲಿಕ್ಕೂ, ನಾನಿಲ್ಲಿದ್ದೇನೆ ನೋಡು ಅನ್ನಲಿಕ್ಕೂ ಇರುವುದು ಅದೊಂದೇ ಹಾರ್ನು. ಹೊಡೆದವನು "ನಾ ಬಂದೀನಿ" ಅಂದಿರುತ್ತಾನೆ, ಕೇಳಿದವನಿಗೆ ಬೈಗುಳ ಕೇಳಿಸಿರುತ್ತದೆ. ಅರ್ಧ ಜಗಳಗಳ ಮೂಲ ಇಷ್ಟೇ. ಆದ್ದರಿಂದ ನನ್ನ ಹುಡುಗಿಯರಿಗೆ ನಾನು ಹೇಳುವುದು, ಹಾರ್ನ್ ಕೇಳಿದಾಗ ಅದರ ಅರ್ಥ ಹುಡುಕಲು ಹೋಗಬೇಡಿರಿ; ಕನ್ನಡಿ ನೋಡಿರಿ, ಜಾಗ ಇದ್ದರೆ ಎಡಕ್ಕೆ ಸರಿಯಿರಿ, ಇಲ್ಲದಿದ್ದರೆ ನಿಮ್ಮ ಕೆಲಸ ನೀವು ಮಾಡಿರಿ. ಸರ್ಕಲ್ಲಿನ ವಿಷಯದಲ್ಲಂತೂ ನಿಯಮ ಸ್ಪಷ್ಟವಾಗಿದೆ. 2017ರಲ್ಲಿ ಬಂದ ಮೋಟಾರು ವಾಹನ ಚಾಲನಾ ನಿಯಮಾವಳಿಯ ಪ್ರಕಾರ ಸರ್ಕಲ್ಲಿನೊಳಗೆ ಈಗಾಗಲೇ ಇರುವ ಗಾಡಿಗೆ ಮೊದಲ ಹಕ್ಕು, ಒಳಗೆ ಬರುವವನು ಕಾಯಬೇಕು. ಕಾಯುತ್ತಿರುವವರ ಹಿಂದೆ ನಿಂತು ಹಾರ್ನ್ ಒತ್ತುವವನಿಗೆ ಅದು ಗೊತ್ತಿಲ್ಲ, ಅಷ್ಟೇ.

ಸೈಡ್ ಹೊಡೆಯುವವರ ಬಗ್ಗೆಯೂ ಬಹಳ ಜನರಿಗೆ ಸಿಟ್ಟು. ಒಬ್ಬ ಮುಂದೆ ಹೋದರೆ ತಮ್ಮ ಮನೆಯ ಏನೋ ಒಂದನ್ನು ಕಸಿದುಕೊಂಡು ಹೋದಂತೆ ಅಕ್ಸಿಲರೇಟರ್ ತುಳಿಯುತ್ತಾರೆ. ನಾನು ಲೆಕ್ಕ ಮಾಡಿ ತೋರಿಸುತ್ತೇನೆ. ಹತ್ತು ಕಿಲೋಮೀಟರ್ ದಾರಿಯನ್ನು ಎಲ್ಲೂ ನಿಲ್ಲದೆ 60ರ ವೇಗದಲ್ಲಿ ಹೋದರೆ 10 ನಿಮಿಷ. 80ರಲ್ಲಿ ಹೋದರೆ ಏಳೂವರೆ. ಉಳಿದದ್ದು ಎರಡೂವರೆ ನಿಮಿಷ, ಅದೂ ಹಂಪು, ದನ, ಊರೊಳಗಿನ ಸಂತೆ ಯಾವುದೂ ಅಡ್ಡ ಬರದಿದ್ದರೆ. ಗದ್ದನಕೇರಿ ಕ್ರಾಸಿನಲ್ಲಿ ನಿಮ್ಮನ್ನು ಹಿಂದೆ ಹಾಕಿ ಹೋದವನು ಮುಂದಿನ ಊರಿನ ಹಂಪಿನ ಮೇಲೆ ನಿಮ್ಮ ಮುಂದೆಯೇ ಇರುತ್ತಾನೆ. ಹೋಗಲಿ ಬಿಡಿರಿ.

ಇಂಡಿಕೇಟರ್ ಹಾಕದೆ ತಿರುಗುವವರು, ಎರಡು ಬೈಕು ಜೋಡಿಯಾಗಿ ಮಾತಾಡುತ್ತ ಹೋಗುವವರು, ಕಂಡಕಂಡಲ್ಲಿ ನಿಲ್ಲುವ ಟಂಟಂ ಇವೆಲ್ಲ ಬೇಸರ ತರುತ್ತವೆ. ಟಂಟಮ್ಮಿನವನದು ಹೊಟ್ಟೆಪಾಡು, ಕೈ ಮಾಡಿದವರ ಮುಂದೆ ಅವನು ನಿಲ್ಲಲೇಬೇಕು. ಅವನ ಹಿಂದೆ ಜಾಗ ಬಿಟ್ಟು ಹೋದರೆ ಮುಗಿಯಿತು.

ಲಾರಿಯ ಇಂಡಿಕೇಟರ್ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಮುಂದಿನ ಲಾರಿ ಬಲಗಡೆಯ ಇಂಡಿಕೇಟರ್ ಹಾಕಿತು ಅಂದರೆ ಏನರ್ಥ? ಕೆಲವು ಡ್ರೈವರುಗಳು "ನನ್ನ ಬಲಗಡೆಯಿಂದ ಹೋಗು" ಅನ್ನಲು ಹಾಕುತ್ತಾರೆ. ಕೆಲವರು "ಎದುರಿಗೆ ಗಾಡಿ ಐತಿ, ಬರಬ್ಯಾಡ" ಅನ್ನಲು ಹಾಕುತ್ತಾರೆ. ಮೂರನೆಯವನು ನಿಜವಾಗಿಯೂ ಬಲಕ್ಕೆ ತಿರುಗುವವನು. ಮೂರೂ ಒಂದೇ ದೀಪ. ಎರಡನೆಯವನನ್ನೋ ಮೂರನೆಯವನನ್ನೋ ಮೊದಲನೆಯವನು ಅಂದುಕೊಂಡು ನುಗ್ಗಿದರೆ ಉಳಿಯುವುದು ಕಷ್ಟ. ಹೀಗಾಗಿ ಲಾರಿಯ ದೀಪ ಏನೇ ಹೇಳಲಿ, ಎದುರಿನ ರಸ್ತೆ ನಿಮ್ಮ ಕಣ್ಣಿಗೆ ಖಾಲಿ ಕಾಣುವವರೆಗೆ ಹೊರಗೆ ಬರಬೇಡಿರಿ ಅಂತ ಮೊದಲ ವಾರದಲ್ಲೇ ಬಾಯಿಪಾಠ ಮಾಡಿಸುತ್ತೇನೆ.

ಇನ್ನು ನನಗೆ ನಿಜವಾಗಿ ರಕ್ತ ಕುದಿಸುವ ವಿಷಯಗಳಿಗೆ ಬರುತ್ತೇನೆ.

ಕಬ್ಬು ನುರಿಸುವ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ, ಲೋಕಾಪುರ, ಬೀಳಗಿ ಕಡೆಯ ಎಲ್ಲ ರಸ್ತೆಗಳ ಮೇಲೂ ಟ್ರ್ಯಾಕ್ಟರುಗಳು ಇಳಿಯುತ್ತವೆ. ಒಂದಕ್ಕೆ ಎರಡು ಟ್ರೇಲರು. ಕಬ್ಬು ಎರಡೂ ಬದಿಗೆ ಹೊರಗೆ ಚಾಚಿರುತ್ತದೆ, ಹಿಂದೆ ಜೋತು ಬಿದ್ದಿರುತ್ತದೆ. ಟ್ರೇಲರಿಗೆ ದೀಪ ಇದ್ದರೂ ಅದರ ಹಿಂದೆ ಮುಚ್ಚಿಹೋಗಿರುತ್ತದೆ. ಡ್ರೈವರು ಹಾಡು ಹಚ್ಚಿದ ಸಪ್ಪಳದಲ್ಲಿ ಹಿಂದಿನ ಹಾರ್ನು ಅವನಿಗೆ ಕೇಳುವುದಿಲ್ಲ. ಈಗ ರಾತ್ರಿ ಎಂಟು ಗಂಟೆ ಅಂದುಕೊಳ್ಳಿರಿ. ನೀವು 80ರಲ್ಲಿ ಇದ್ದೀರಿ, ಅವನು 20ರಲ್ಲಿ. ಒಂದು ಸೆಕೆಂಡಿಗೆ ಸುಮಾರು 17 ಮೀಟರಿನಂತೆ ನೀವು ಅವನ ಹತ್ತಿರ ಹೋಗುತ್ತಿದ್ದೀರಿ. ಡಿಪ್ಪರಿನಲ್ಲಿ, ಅಂದರೆ ನಿಮ್ಮ ದೀಪ ಕೆಳಗೆ ಇಳಿಸಿದ್ದಾಗ, ದೀಪವಿಲ್ಲದ ವಸ್ತು ನಿಮ್ಮ ಕಣ್ಣಿಗೆ ಬೀಳುವುದೇ ಸುಮಾರು 40 ಮೀಟರಿನಲ್ಲಿ. ಎರಡೂವರೆ ಸೆಕೆಂಡೂ ಸಿಗುವುದಿಲ್ಲ. ಅದರಲ್ಲಿ ಮೊದಲ ಒಂದು ಸೆಕೆಂಡು ಅದು ಏನು ಅಂತ ತಿಳಿದು ಕಾಲು ಬ್ರೇಕಿಗೆ ಹೋಗಲು ಬೇಕು. ಅದೇ ಹೊತ್ತಿಗೆ ಎದುರಿನಿಂದ ಒಬ್ಬ ಅಪ್ಪರ್ ಲೈಟ್ ಹಾಕಿಕೊಂಡು ಬಂದರೆ ಆ 40 ಮೀಟರೂ ಇಲ್ಲ. ಕಣ್ಣು ಕುಕ್ಕಿದ ಮೇಲೆ ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. 80ರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಷ್ಟೂ ದೂರ ನೀವು ಕುರುಡರಾಗಿ ಹೋಗಿರುತ್ತೀರಿ. ಹೊರಗಿನಿಂದ ತಂದು ಕೂಡಿಸಿದ ಬಿಳಿ ಎಲ್‌ಇಡಿ ದೀಪದವರು ಡಿಪ್ಪರ್ ಹೊಡೆದರೂ ಎದುರಿನವನ ಕಣ್ಣಿಗೇ ಬರುತ್ತದೆ. ಎದುರಿನ ಬೆಳಕನ್ನು ನೋಡದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡುತ್ತ ವೇಗ ಇಳಿಸುವುದು ಒಂದೇ ದಾರಿ. ಸೇಡಿಗೆ ತಾನೂ ಅಪ್ಪರ್ ಹಾಕುವವರಿಗೆ ನಾನು ಹೇಳುವುದಿಷ್ಟೇ: ಅವನಿಗೂ ಕಾಣದ ಹಾಗೆ ಮಾಡಿದರೆ ಅವನು ಬಂದು ಬೀಳುವುದು ನಿಮ್ಮ ಮೇಲೆಯೇ.

ಇನ್ನೊಂದು, ಕಲ್ಲು. ಗಾಡಿ ಕೆಟ್ಟು ನಿಂತಾಗ ಹಿಂದೆ ನಾಲ್ಕು ದೊಡ್ಡ ಕಲ್ಲು, ಒಂದು ಜಾಲಿಯ ಟೊಂಗೆ ಇಡುತ್ತಾರೆ. ರಿಪೇರಿ ಮುಗಿಯಿತು, ಹೋದರು. ಕಲ್ಲು ಅಲ್ಲೇ. ಬೈಕಿನ ಮೇಲೆ ಬರುವ ರೈತನಿಗೆ, ಹಿಂದೆ ಹೆಂಡತಿ, ನಡುವೆ ಕೂಸು, ಆ ಕಲ್ಲು ರಾತ್ರಿ ಎಲ್ಲಿ ಕಾಣಬೇಕು? ನಾನು ಅಂಥ ಕಲ್ಲು ಕಂಡಲ್ಲೆಲ್ಲ ಗಾಡಿ ಬದಿಗೆ ಹಾಕಿ, ಕಲಿಯುವವರನ್ನೂ ಇಳಿಸಿ, ಎತ್ತಿ ಬದಿಗೆ ಒಗೆಯುತ್ತೇವೆ. ಕೆಟ್ಟ ಗಾಡಿಯ ಹಿಂದೆ ಇಡಲು ಕೆಂಪು ತ್ರಿಕೋನ ಸಿಗುತ್ತದೆ, ಮಡಚಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಬಹುದು. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಬಹುದು.

ಮೀಸೆ ಮೂಡದ ಹುಡುಗರ ಕೈಗೆ ಬೈಕು ಕೊಡುವ ತಂದೆತಾಯಿಯ ಮೇಲೂ ನನಗೆ ಸಿಟ್ಟಿದೆ. "ನಮ್ಮ ಹುಡುಗ ಚಲೋ ಹೊಡೀತಾನ್ರಿ" ಅನ್ನುತ್ತಾರೆ. 2019ರ ತಿದ್ದುಪಡಿಯ ನಂತರ ಕಾನೂನು ಹುಡುಗನಿಗಿಂತ ಮೊದಲು ಅವರನ್ನೇ ಹಿಡಿಯುತ್ತದೆ. ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ನನ್ನ ಹತ್ತಿರ ಹದಿನಾರು ವರ್ಷದ ಮಗನಿಗೆ ಕಾರು ಕಲಿಸಿರಿ ಅಂತ ಬಂದವರಿಗೆ ಇದನ್ನು ಓದಿ ಹೇಳಿ ವಾಪಸ್ ಕಳಿಸಿದ್ದೇನೆ.

ಯಾರಾದರೂ ನಿಜವಾಗಿಯೂ ಅಟ್ಟಿಸಿಕೊಂಡು ಬಂದು ಅಡ್ಡ ಹಾಕಿದರೆ ಏನು ಮಾಡುವುದು ಅಂತಲೂ ಕೇಳುತ್ತಾರೆ. ಇಳಿಯಬೇಡಿರಿ. ಬಾಗಿಲು ಲಾಕ್ ಮಾಡಿರಿ, ಗಾಜು ಏರಿಸಿರಿ, 112 ಒತ್ತಿರಿ. ಹೋಗಲು ದಾರಿ ಇದ್ದರೆ ಪೆಟ್ರೋಲ್ ಪಂಪು, ಠಾಣೆ, ಜನ ಇರುವ ಹೋಟೆಲ್ಲು ಯಾವುದಾದರೂ ಕಡೆ ಗಾಡಿ ಒಯ್ಯಿರಿ. ಮನೆಗೆ ಮಾತ್ರ ಹೋಗಬೇಡಿರಿ, ಅವನಿಗೆ ನಿಮ್ಮ ಮನೆ ಗೊತ್ತಾಗುತ್ತದೆ.

ಮತ್ತೆ ಕಬ್ಬಿನ ಟ್ರೇಲರಿಗೆ ಬರುತ್ತೇನೆ, ಯಾಕೆಂದರೆ ನನ್ನ ಸಿಟ್ಟಿನ ದೊಡ್ಡ ಪಾಲು ಅಲ್ಲಿಯೇ ಇದೆ. ಲೋಕಾಪುರದ ಹಾದಿಯ ಚಹಾದಂಗಡಿಯಲ್ಲಿ ಒಬ್ಬ ಡ್ರೈವರನನ್ನು ಕೇಳಿದೆ, ಹಿಂದೆ ದೀಪ ಯಾಕಿಲ್ಲಪ್ಪಾ ಅಂತ. ಇಪ್ಪತ್ತೆರಡು-ಇಪ್ಪತ್ತಮೂರರ ಹುಡುಗ, ಕಣ್ಣು ನಿದ್ದೆಯಿಲ್ಲದೆ ಕೆಂಪಗಾಗಿದ್ದವು. "ಅಕ್ಕಾರ, ಹಾಕ್ಸೂದ್ ಹಾಕಸ್ತೀವ್ರಿ. ಒಂದ್ ಟ್ರೇಲರ್ ಹೊಲದಾಗ ಬಿಟ್ಟ ಇನ್ನೊಂದ್ ಎಳಕೊಂಡ ಬರ್ತೀವಿ, ಬಿಚ್ಚೂದು ಕಟ್ಟೂದು ನಡದ ಇರತೈತಿ, ವೈರ್ ಹರದ ಹೋಗ್ತೈತಿ. ರೊಕ್ಕ ಟನ್ನಿನ ಲೆಕ್ಕದ ಮ್ಯಾಲ. ವೈರ್ ಜೋಡ್ಸಕೊಂತ ಕುಂತ್ರ ಪಾಳಿ ತಪ್ಪತೈತಿ." ಕಾರ್ಖಾನೆಯ ಮುಂದೆ ಪಾಳಿ ಹಚ್ಚಿ ರಾತ್ರಿಯಿಡೀ ನಿಂತು ಬಂದವನು ಅವನು. ಅವನ ಮೇಲೆ ಕೂಗಾಡಿ ನನಗೆ ಏನೂ ಸಿಗುತ್ತಿರಲಿಲ್ಲ.

ಆದರೆ ರಿಫ್ಲೆಕ್ಟರಿಗೆ ವೈರು ಬೇಕಾಗಿಲ್ಲ. ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ, ಟ್ರೇಲರಿಗೂ ಅದು ಅನ್ವಯ. ಟ್ರೇಲರಿನ ಡಬ್ಬಿಯ ಕೆಳಗಿನ ಪಟ್ಟಿಗೆ ರಿಫ್ಲೆಕ್ಟರ್ ಟೇಪು ಹಚ್ಚಿದರೆ ಒಂದು ಖೇಪಿನಲ್ಲೇ ಕೆಸರು ಮೆತ್ತುತ್ತದೆ, ಜೋತುಬಿದ್ದ ಕಬ್ಬು ಮುಚ್ಚುತ್ತದೆ. ಆದ್ದರಿಂದ ಒಂದು ತಗಡಿನ ತುಂಡಿಗೆ ಕೆಂಪು ಟೇಪು ಹಚ್ಚಿ, ಕಬ್ಬು ಹೇರಿದ ಮೇಲೆ ಕೊನೆಯ ಹೊರೆಗೆ ತಂತಿಯಿಂದ ಕಟ್ಟಬೇಕು, ಕಾರಿನ ದೀಪದ ಎತ್ತರಕ್ಕೆ, ಎಡಕ್ಕೊಂದು ಬಲಕ್ಕೊಂದು. ಖಾಲಿ ಮಾಡುವಾಗ ಬಿಚ್ಚಿ ಸೀಟಿನ ಕೆಳಗೆ ಇಟ್ಟುಕೊಂಡರೆ ಹಂಗಾಮು ಪೂರ್ತಿ ಬರುತ್ತದೆ. ಆ ಹುಡುಗನಿಗೆ ನಾನು ನನ್ನ ಗಾಡಿಯಲ್ಲಿದ್ದ ಟೇಪಿನ ಸುರುಳಿ ಕೊಟ್ಟೆ. ಅಲ್ಲೇ ಚಹಾದಂಗಡಿಯವನ ಹಳೆಯ ಎಣ್ಣೆ ಡಬ್ಬ ಕತ್ತರಿಸಿ ಎರಡು ತಗಡು ಮಾಡಿಕೊಂಡ.

ಒಬ್ಬೊಬ್ಬರಿಗೆ ಹೀಗೆ ಹೇಳುತ್ತ ಹೋದರೆ ಎಷ್ಟು ಜನರಿಗೆ ಹೇಳಿಯೇನು. ಆದರೆ ಒಂದು ಜಾಗ ಇದೆ, ಪ್ರತಿಯೊಂದು ಟ್ರೇಲರೂ ಪ್ರತಿ ಖೇಪಿಗೂ ಅಲ್ಲಿ ನಿಲ್ಲಲೇಬೇಕು: ಕಾರ್ಖಾನೆಯ ತೂಕದ ಕಾಟಾ. ಚೀಟಿ ಕೊಡುವವನು ಕಿಟಕಿಯಿಂದ ಹಿಂದೆ ಒಮ್ಮೆ ನೋಡಿ, ಕೆಂಪು ತಗಡು ಇಲ್ಲದಿದ್ದರೆ "ಕಟ್ಟಿಕೊಂಡ ಬಾ" ಅಂದರೆ ಸಾಕು, ಪಾಳಿ ತಪ್ಪುವ ಭಯಕ್ಕೆ ಎರಡೇ ದಿನದಲ್ಲಿ ಎಲ್ಲರ ಟ್ರೇಲರಿನಲ್ಲೂ ಕಾಣುತ್ತದೆ. ಇದನ್ನು ಓದುವವರಲ್ಲಿ ಕಾರ್ಖಾನೆಯ ಆಡಳಿತದಲ್ಲಿ ಇರುವವರು, ಕಬ್ಬು ಬೆಳೆಗಾರರ ಸಂಘದಲ್ಲಿ ಇರುವವರು ಇದ್ದೇ ಇರುತ್ತೀರಿ. ಬಾಯ್ಲರಿಗೆ ಪೂಜೆ ಮಾಡಿ ಬೆಂಕಿ ಹಾಕುವ ಮುಂಚೆ ಈ ಮಾತು ಮೀಟಿಂಗಿನಲ್ಲಿ ಎತ್ತಿರಿ. ಟೇಪು ಬೇಕಾದರೆ ನಾನೂ ನನ್ನ ಹುಡುಗಿಯರೂ ಒಂದು ದಿನ ಬಂದು ಕಾಟಾದ ಹತ್ತಿರ ನಿಂತು ಕಟ್ಟಿಕೊಡುತ್ತೇವೆ.