ರಂಪಣಿ ಗೇಮ್, ಏಳನೇ ತಿಂಗಳು: ಹಗ್ಗ ಕೊನೆಗೂ ಬಿಗಿಯಾಗಿ ನಿಂತಿತು

ಹೋದ ಭಾನುವಾರ ರಾತ್ರಿ ನಾನು ಕಾರವಾರದಲ್ಲಿ, ಭಾವ ಶಿರಸಿಯಲ್ಲಿ ಕೂತು, ನಾವಿಬ್ಬರೂ ಮಾಡುತ್ತಿರುವ ಗೇಮಿನಲ್ಲಿ ಮೊದಲ ಸಲ ಅಳಿವೆಯಿಂದ ಉಂಚಳ್ಳಿ ಜಲಪಾತದ ಬುಡದವರೆಗೆ ಒಂದೇ ಓಟದಲ್ಲಿ ಹೋದೆವು. 34 ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ನಮ್ಮಿಬ್ಬರ ಗೊಂಬೆಗಳ ನಡುವಿನ ಹಗ್ಗ ಒಮ್ಮೆಯೂ ಸುಮ್ಮಸುಮ್ಮನೆ ಸಡಿಲವಾಗಲಿಲ್ಲ. ಇಷ್ಟು ಹೇಳಲು ಮೂರು ತಿಂಗಳು ಬೇಕಾಯಿತು, ಅದಕ್ಕೇ ಈ ಸಲದ ಲಾಗ್ ಜಾಸ್ತಿ ಹಗ್ಗದ್ದೇ.

ಹೊಸದಾಗಿ ಓದುವವರಿಗೆ ಎರಡು ಮಾತು. ಇದು ಇಬ್ಬರು ಸೇರಿ ಆಡುವ ಆಕ್ಷನ್ ರೋಗ್‌ಲೈಟ್. 1980ರಲ್ಲಿ ಬಂದ ರೋಗ್ ಅನ್ನೋ ಗೇಮಿನಿಂದ ಈ ಬಗೆಯ ಗೇಮುಗಳಿಗೆ ಆ ಹೆಸರು. ಪ್ರತಿ ಸಲ ನಕ್ಷೆ ಹೊಸದು, ಸತ್ತರೆ ಮೊದಲಿನಿಂದ ಶುರು. ಲೈಟ್ ಅಂದರೆ ಸತ್ತ ಮೇಲೂ ಕೈಯಲ್ಲಿ ಏನೋ ಒಂದು ಉಳಿಯುತ್ತದೆ. ನಮ್ಮಲ್ಲಿ ಉಳಿಯುವುದು ಬಲೆ. ಪ್ರತಿ ಓಟ ಮುಗಿದ ಮೇಲೆ ದಡದ ಗುಡಿಸಲಲ್ಲಿ ಕೂತು ಆ ಬಲೆಗೆ ಒಂದೆರಡು ಕಣ್ಣು ಹೆಣೆಯಬಹುದು, ಮುಂದಿನ ಓಟಕ್ಕೆ ಬಲೆ ಅಷ್ಟು ದೊಡ್ಡದಾಗಿರುತ್ತದೆ.

ದಾರಿ ಅಘನಾಶಿನಿಯದ್ದು. ಕುಮಟಾ ಹತ್ತಿರ ಕಡಲು ಸೇರುವ ಅಳಿವೆಯಲ್ಲಿ ಶುರು, ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆ ದಾಟಿ, ಘಟ್ಟ ಹತ್ತಿ, ಉಂಚಳ್ಳಿಯ 116 ಮೀಟರ್ ಬಂಡೆ ಏರಿ, ಕೊನೆಗೆ ನದಿ ಹುಟ್ಟುವ ಶಿರಸಿಯ ಶಂಕರ ಹೊಂಡ. ಭಾವನ ಊರಲ್ಲಿ ಹುಟ್ಟುವ ನೀರು ಅಣೆಕಟ್ಟು ಅಡ್ಡ ಇಲ್ಲದೆ ನಮ್ಮ ಕರಾವಳಿಗೆ ಬರುತ್ತದೆ, ಆಟಗಾರರು ಅದೇ ದಾರಿಯಲ್ಲಿ ಎದುರು ಹೋಗಬೇಕು. 2024ರಲ್ಲಿ ಈ ಅಳಿವೆಗೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕ ಸುದ್ದಿ ಓದಿದ ದಿನ ಭಾವನೇ ಫೋನ್ ಮಾಡಿ, ಗೇಮಿನ ಮೊದಲ ಹಂತ ಅಲ್ಲೇ ಇರಬೇಕು ಅಂದಿದ್ದ.

ಈಗ ಹಗ್ಗ. ಮೊದಲ ಆವೃತ್ತಿಯಲ್ಲಿ ಹಗ್ಗವೇ ಇರಲಿಲ್ಲ. ಇಬ್ಬರೂ ಕತ್ತಿ ಹಿಡಿದು ಓಡುತ್ತಿದ್ದೆವು, ಅವನು ಆ ಮೂಲೆಯಲ್ಲಿ ಹೊಡೆಯುತ್ತಿದ್ದ, ನಾನು ಈ ಮೂಲೆಯಲ್ಲಿ. ಒಂದೇ ಪರದೆ ಮೇಲೆ ಇಬ್ಬರು ಬೇರೆ ಬೇರೆ ಗೇಮ್ ಆಡಿದ ಹಾಗೆ. ಜೊತೆಯಲ್ಲಿ ಆಡಿದೆವು ಅನ್ನಿಸಲೇ ಇಲ್ಲ.

ಆಗ ನೆನಪಾಗಿದ್ದು ರಂಪಣಿ, ದಡದಿಂದ ಎಳೆಯುವ ದೊಡ್ಡ ಮೀನುಬಲೆ. ದೋಣಿ ಕಡಲಲ್ಲಿ ಅರ್ಧ ಸುತ್ತು ಬಲೆ ಹಾಕಿ ಬರುತ್ತದೆ, ಎರಡೂ ತುದಿಯ ಹಗ್ಗ ದಡದಲ್ಲಿ, ಎರಡು ಗುಂಪು ನಿಂತು ಎಳೆಯುತ್ತದೆ. 1970ರ ದಶಕದ ಕೊನೆಯ ಹೊತ್ತಿಗೆ ಕಡಲಲ್ಲೇ ಮೀನನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ದೊಡ್ಡ ರಂಪಣಿ ಕಮ್ಮಿಯಾಗುತ್ತಾ ಹೋಯಿತು. ಸಣ್ಣ ಏಂಡಿ ಬಲೆ ಎಳೆಯುವುದು ಈಗಲೂ ನೋಡಲು ಸಿಗುತ್ತದೆ. ಒಂದು ಬೆಳಿಗ್ಗೆ ಹೋಗಿ ಬರೀ ಕಾಲುಗಳನ್ನೇ ನೋಡುತ್ತಾ ನಿಂತಿದ್ದೆ. ಹಿಮ್ಮಡಿ ಮರಳಲ್ಲಿ ಗುಳಿ ಮಾಡುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಒಂದು ಹೆಜ್ಜೆ ಹಿಂದೆ, ಮತ್ತೆ ಹೊಸ ಗುಳಿ. ಎಳೆಯುವವರ ಕಣ್ಣು ನೀರಿನ ಕಡೆ ಇರಲಿಲ್ಲ, ಆ ಬದಿಯ ಗುಂಪಿನ ಕಡೆ ಇತ್ತು. ಆ ಹಿಮ್ಮಡಿ ಗುಳಿಯನ್ನು ಹಾಗೇ ಗೇಮಿನೊಳಗೆ ತಂದಿದ್ದೇನೆ, ನಾಲ್ಕೇ ಚಿತ್ರದ ಅನಿಮೇಷನ್, ನನಗೆ ಇಡೀ ಗೇಮಿನಲ್ಲಿ ಜಾಸ್ತಿ ಇಷ್ಟ ಅದೇ.

ನಿಯಮ ಸುಲಭ. ಇಬ್ಬರ ನಡುವೆ ಹಗ್ಗ, ಅದರಲ್ಲಿ ಬಲೆ. ಶತ್ರುವನ್ನು ಸುತ್ತುವರಿದು ಇಬ್ಬರೂ ಒಂದೇ ವೇಗದಲ್ಲಿ ಎಳೆದರೆ ಸಿಕ್ಕಿಬೀಳುತ್ತದೆ. ವೇಗದಲ್ಲಿ 15 ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಬಲೆ ಓರೆಯಾಗಿ ಶತ್ರು ಅಡಿಯಿಂದ ಜಾರುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಎರಡು ಕಂಟ್ರೋಲರ್ ಇಟ್ಟು ಆಡಿದಾಗ ಬಹಳ ಚೆನ್ನಾಗಿತ್ತು. ಇಂಟರ್‌ನೆಟ್ ಮೇಲೆ ಆಡಿದ ಮೊದಲ ದಿನವೇ ಜಗಳ.

"ನೀನು ಬಿಟ್ಟೆ ಮಾರಾಯಾ!"

"ನಾನೆಲ್ಲಿ ಬಿಟ್ಟೆ ಭಾವಾ, ನಿನ್ನ ಕಡೆಯೇ ಸಡಿಲ ಇತ್ತು."

ಎರಡೂ ಪರದೆ ರೆಕಾರ್ಡ್ ಮಾಡಿ ಅಕ್ಕಪಕ್ಕ ಇಟ್ಟು ನೋಡಿದೆ. ಇಬ್ಬರೂ ಹೇಳಿದ್ದು ಸರಿ. ನಮ್ಮಿಬ್ಬರ ನಡುವೆ ಮಾತು ಹೋಗಿ ಬರಲು 70ರಿಂದ 110 ಮಿಲಿಸೆಕೆಂಡ್ ಹಿಡಿಯುತ್ತದೆ, ಮಳೆ ಜೋರಾದರೆ ಇನ್ನೂ ಜಾಸ್ತಿ. ಗೇಮ್ ಕಟ್ಟಲು ನಾವು ಬಳಸುವ ಸಾಫ್ಟ್‌ವೇರ್ ಗೋಡೋ ಎಂಜಿನ್ ಸೆಕೆಂಡಿಗೆ 60 ಸಲ ಚಲನೆಯ ಲೆಕ್ಕ ಹಾಕುತ್ತದೆ, ಅಂದರೆ ಒಂದು ಲೆಕ್ಕಕ್ಕೆ ಸುಮಾರು 16.7 ಮಿಲಿಸೆಕೆಂಡ್. 100 ಮಿಲಿಸೆಕೆಂಡ್ ತಡ ಅಂದರೆ ಆರು ಲೆಕ್ಕ ಹಿಂದೆ. ನನ್ನ ಯಂತ್ರ ಹೋಸ್ಟ್, ಅಂದರೆ ಆಟ ನಡೆಸುವ ಯಂತ್ರ ಆಗಿದ್ದರಿಂದ ಹಗ್ಗ ಬಿಗಿಯೋ ಸಡಿಲವೋ ಅನ್ನುವ ತೀರ್ಪು ಅಲ್ಲೇ ಆಗುತ್ತಿತ್ತು. ಅವನ ಪರದೆಯಲ್ಲಿ ಹಗ್ಗ ಬಿಗಿ ಇದ್ದ ಹೊತ್ತಿಗೆ ನನ್ನ ಯಂತ್ರ ಅವನ ಹಳೇ ಜಾಗ ನೋಡಿ ಸಡಿಲ ಅಂತ ತೀರ್ಮಾನ ಮಾಡಿ ಆಗಿರುತ್ತಿತ್ತು.

ಮೊದಲು ಹಗ್ಗದ ಚಿತ್ರ ಬರೆಯಲು ಬಳಸುವ 16 ಬಿಂದುಗಳನ್ನೂ ನೆಟ್‌ವರ್ಕ್ ಮೇಲೆ ಕಳಿಸಿ ನೋಡಿದೆ. ಹಗ್ಗ ನಡುಗಲು ಶುರುವಾಯಿತು. ಆಮೇಲೆ ಹೋಸ್ಟ್ ಹೇಳಿದ್ದನ್ನೇ ಎರಡೂ ಕಡೆ ತೋರಿಸಿದೆ, ಆಗ ಭಾವನಿಗೆ ರಬ್ಬರ್ ಎಳೆದ ಹಾಗೆ ಅನ್ನಿಸಿತು, ಗುಂಡಿ ಒತ್ತಿ ಕಾಯಬೇಕು. ಆ್ಯಕ್ಷನ್ ಗೇಮಿನಲ್ಲಿ ಅದು ಆಗುವ ಮಾತಲ್ಲ. ಮೂರನೇ ಸಲ ಹಗ್ಗದ ಚಿತ್ರವನ್ನು ಆಯಾ ಯಂತ್ರವೇ ಬರೆದುಕೊಳ್ಳಲಿ ಅಂತ ಬಿಟ್ಟೆ. ಈಚೆ ಆಚೆ ಹೋಗುವುದು ಎರಡು ತುದಿಗಳ ಜಾಗ, ವೇಗ, ಕೈ ಹಿಡಿದಿದೆಯೋ ಇಲ್ಲವೋ ಅನ್ನುವುದು, ಇಷ್ಟೇ. ನಡುಕ ಹೋಯಿತು. ತೀರ್ಪು ಮಾತ್ರ ಇನ್ನೂ ತಪ್ಪುತ್ತಿತ್ತು.

ಈ ಗಂಟು ಬಿಚ್ಚಿದ್ದು ಕೋಡ್ ನೋಡಿ ಅಲ್ಲ. ಜೂನ್, ಜುಲೈ ಎರಡು ತಿಂಗಳು, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ನಮ್ಮ ಬೀದಿಯ ಅಜ್ಜ ಒಬ್ಬರು ಆ ದಿನಗಳಲ್ಲಿ ಜಗುಲಿ ಮೇಲೆ ಕೂತು ಬಲೆ ರಿಪೇರಿ ಮಾಡುತ್ತಿದ್ದರು, ಹರೆಯದಲ್ಲಿ ರಂಪಣಿ ಎಳೆದವರು. ಒಂದು ಸಂಜೆ ಸುಮ್ನೆ ಕೇಳಿದೆ: ಅಜ್ಜಾ, ಒಂದು ಬದಿಯವರು ಒಮ್ಮೆ ಜೋರಾಗಿ ಎಳೆದುಬಿಟ್ಟರೆ ಮೀನು ಹೋಗುತ್ತದಾ? ಅವರು ಸೂಜಿ ನಿಲ್ಲಿಸಲೇ ಇಲ್ಲ.

"ಒಂದು ಎಳೆತ ಹೆಚ್ಚು ಕಮ್ಮಿ ಆದ್ರೆ ಏನೂ ಆಗೂದಿಲ್ಲ ತಮ್ಮಾ. ಒಂದು ಬದಿ ಹಿಂದೇ ಉಳೀತಾ ಹೋದ್ರೆ ಮಾತ್ರ ಮೀನು ಅಡಿಯಿಂದ ಹೋಗ್ತದೆ."

ಮನೆಗೆ ಬಂದು ಕೋಡ್ ತೆರೆದೆ. ನಾನು ಅಳೆಯುತ್ತಿದ್ದದ್ದು ಆ ಕ್ಷಣದ ವೇಗ, ಸೆಕೆಂಡಿಗೆ 60 ಸಲ. ಅಜ್ಜ ಹೇಳಿದ್ದು ಒಂದಿಷ್ಟು ಹೊತ್ತಿನ ಎಳೆತ. ಕಳೆದ 18 ಲೆಕ್ಕಗಳ, ಅಂದರೆ 300 ಮಿಲಿಸೆಕೆಂಡಿನ ಸರಾಸರಿ ವೇಗ ತೆಗೆದು ಅದನ್ನೇ ಹೋಲಿಸಿದೆ. ಆರು ಲೆಕ್ಕದ ತಡ ಅದರೊಳಗೆ ಕರಗಿ ಹೋಯಿತು. ಬದಲಾದದ್ದು ಹತ್ತು ಹನ್ನೆರಡು ಸಾಲು ಅಷ್ಟೇ. ಆ ರಾತ್ರಿಯಿಂದ ನಮ್ಮಲ್ಲಿ ಹಗ್ಗದ ಜಗಳ ಇಲ್ಲ, ಮತ್ತೆ ಎಳೆಯುವಾಗ ಕೈಗೆ ಭಾರ ಅನ್ನಿಸುತ್ತದೆ, ಮೊದಲು ಅದು ಸ್ವಿಚ್ ಒತ್ತಿದ ಹಾಗಿತ್ತು. ಮರುದಿನ ಅಜ್ಜನಿಗೆ ಲ್ಯಾಪ್‌ಟಾಪ್ ಒಯ್ದು ತೋರಿಸಿದೆ. ಅವರು ನೋಡಿದ್ದು ಗೊಂಬೆಗಳ ಕಾಲು. ಮರಳಲ್ಲಿ ಗುಳಿ ಬಿದ್ದದ್ದು ನೋಡಿ ತಲೆ ಆಡಿಸಿದರು.

ಇನ್ನೊಂದು ದೋಷದ ಬಗ್ಗೆ ಬರೆಯಲೇಬೇಕು, ಇಂಥ ಗೇಮ್ ಮಾಡುವ ಬೇರೆಯವರಿಗೂ ಉಪಯೋಗಕ್ಕೆ ಬಂದೀತು. ನಕ್ಷೆಯನ್ನು ನಾವು ಕಳಿಸುವುದಿಲ್ಲ, ಒಂದು ಬೀಜಸಂಖ್ಯೆ ಮಾತ್ರ ಕಳಿಸುತ್ತೇವೆ. ಎರಡೂ ಯಂತ್ರ ಅದೇ ಬೀಜದಿಂದ ಅದೇ ನಕ್ಷೆ ಬೆಳೆಸಬೇಕು. ಗಜನಿ ಹಂತದವರೆಗೆ ಎಲ್ಲ ಸರಿ, ಘಟ್ಟ ಹತ್ತಿದ ಮೇಲೆ ಭಾವ ನನ್ನ ಪರದೆಯಲ್ಲಿ ಕಮರಿಯ ಮೇಲೆ ಗಾಳಿಯಲ್ಲಿ ನಡೆಯುತ್ತಿದ್ದ, ಅವನ ಪರದೆಯಲ್ಲಿ ಅಲ್ಲಿ ಅಡಿಕೆ ತೋಟ. ನಾಲ್ಕು ರಾತ್ರಿ ಹುಡುಕಿದೆ. ಕಾರಣ ಮಳೆಹನಿ! ಮಳೆಹನಿ ಎಲ್ಲಿ ಬೀಳಬೇಕು ಅನ್ನುವುದಕ್ಕೂ ನಕ್ಷೆಗೂ ಒಂದೇ ಯಾದೃಚ್ಛಿಕ (ರ‍್ಯಾಂಡಮ್) ಸಂಖ್ಯೆಯ ಸಾಲನ್ನು ಬಳಸಿದ್ದೆ. ಅವನ ಹಳೇ ಲ್ಯಾಪ್‌ಟಾಪಿನಲ್ಲಿ ಮಳೆ ಕಮ್ಮಿ ಇಟ್ಟಿದ್ದೆವು, ಹಾಗಾಗಿ ಅವನ ಯಂತ್ರ ಕಮ್ಮಿ ಸಂಖ್ಯೆ ತಿಂದಿತ್ತು, ಮುಂದಿನದೆಲ್ಲ ಬೇರೆಯಾಯಿತು. ಈಗ ನಕ್ಷೆಗೆ ಒಂದು, ಸಿಗುವ ವಸ್ತುಗಳಿಗೆ ಒಂದು, ಬರೀ ಅಂದಕ್ಕೆ ಒಂದು, ಹೀಗೆ ಮೂರು ಬೇರೆ ಸಾಲು.

ಸತ್ತವರು ಏನು ಮಾಡಬೇಕು ಅನ್ನುವ ಪ್ರಶ್ನೆಗೂ ಉತ್ತರ ಸಿಕ್ಕಿತು. ಇಬ್ಬರಲ್ಲಿ ಒಬ್ಬ ಬೇಗ ಸತ್ತರೆ ಉಳಿದ ಹತ್ತು ನಿಮಿಷ ಫೋನ್ ನೋಡುತ್ತಾ ಕೂರುತ್ತಾನೆ, ಅದು ನನಗೆ ಬೇಡವಾಗಿತ್ತು. ಈಗ ಸತ್ತವನು ಗುಮಟೆ ಅನ್ನೋ ಚರ್ಮವಾದ್ಯ ಬಾರಿಸುತ್ತಾನೆ. ಸುಗ್ಗಿಯಲ್ಲಿ ಹಾಲಕ್ಕಿ ಒಕ್ಕಲಿಗರ ಗುಮಟೆ ಕೇಳಿದವರಿಗೆ ಗೊತ್ತು, ಅದು ಬಡಿದರೆ ಕಾಲು ಸುಮ್ಮನಿರುವುದಿಲ್ಲ ಅಲ್ವಾ. ತಾಳ ಸರಿಯಾಗಿ ಬಿದ್ದರೆ ಬದುಕಿರುವವನ ದಮ್ಮು ಬೇಗ ತುಂಬುತ್ತದೆ, ಬಿಡದೆ 32 ಪೆಟ್ಟು ಸರಿ ಬಿದ್ದರೆ ಸತ್ತವನು ಎದ್ದು ಬರುತ್ತಾನೆ. ತಾಳ ಸರಿಯೋ ತಪ್ಪೋ ಅನ್ನುವುದನ್ನು ಬಾರಿಸುವವನ ಯಂತ್ರವೇ ನೋಡುತ್ತದೆ, ಇನ್ನೊಬ್ಬನಿಗೆ ಫಲಿತಾಂಶ ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ತಡದಿಂದಾಗಿ ಒಂದು ಪೆಟ್ಟೂ ಸರಿ ಬೀಳುತ್ತಿರಲಿಲ್ಲ.

ಸಣ್ಣಪುಟ್ಟದ್ದು: ಇಬ್ಬರು ಆಡುವಾಗ ಶತ್ರುಗಳ ಜೀವ ದುಪ್ಪಟ್ಟು ಮಾಡಿದ್ದೆ, ಕಾದಾಟ ತುಂಬಾ ಉದ್ದವಾಯಿತು, ಈಗ 1.6 ಪಟ್ಟು. ಒಬ್ಬರೇ ಆಡುವವರಿಗೆ ಹಗ್ಗದ ಇನ್ನೊಂದು ತುದಿ ಗೂಟಕ್ಕೆ ಕಟ್ಟುವ ಹಾಗೆ ಮಾಡಿದ್ದೇನೆ, ಆದರೆ ಅದರಲ್ಲಿ ನನಗಿನ್ನೂ ಸಮಾಧಾನ ಇಲ್ಲ.

ಮುಂದಿನ ಹಂತ ಕಪ್ಪು ಬಂಡೆ ಶಿಖರಗಳ ಯಾಣ, ನಡುದಾರಿಯಲ್ಲಿ ಒಡೆಯುವ ಕವಲು. ಅಲ್ಲಿ ಭೈರವೇಶ್ವರ ಇದ್ದಾನೆ, ಹಾಗಾಗಿ ಆ ಶಿಖರವನ್ನಾಗಲಿ ದೇವರನ್ನಾಗಲಿ ಶತ್ರು ಮಾಡುವ ಮಾತೇ ಇಲ್ಲ, ಇದು ನಾವಿಬ್ಬರೂ ಮೊದಲೇ ಒಪ್ಪಿದ್ದು. ಶತ್ರು ಭಸ್ಮಾಸುರ. ಅಲ್ಲಿಯ ಕಪ್ಪು ಮಣ್ಣು ಅವನ ಬೂದಿ ಅಂತ ಊರವರು ಹೇಳುವ ಕತೆಯೇ ಇದೆಯಲ್ಲ. ಮೋಹಿನಿ ಕುಣಿದ ಹಾಗೆ ಅವನೂ ಕುಣಿದು ತನ್ನ ತಲೆ ಮೇಲೆ ಕೈ ಇಟ್ಟುಕೊಂಡ, ಗೇಮಿನಲ್ಲೂ ಹಾಗೇ. ಕತ್ತಿಯಿಂದ ಅವನಿಗೆ ಏನೂ ಆಗುವುದಿಲ್ಲ. ಒಬ್ಬ ಕುಣಿಯಬೇಕು, ಭಸ್ಮಾಸುರ ಅದನ್ನೇ ಮಾಡುತ್ತಾನೆ, ಇನ್ನೊಬ್ಬ ಹಗ್ಗದಿಂದ ಅವನ ಎಡಗೈ ಹಿಡಿದಿಡಬೇಕು, ಬಲಗೈ ತಲೆ ಮೇಲೆ ಹೋಗುವವರೆಗೆ. ಕುಣಿತದ ಹೆಜ್ಜೆಗಳನ್ನು ಭಾವ ಬಿಡಿಸುತ್ತಿದ್ದಾನೆ, ಯಕ್ಷಗಾನ ನೋಡಿ ಬೆಳೆದವನು. ಏಳು ಹೆಜ್ಜೆಯಲ್ಲಿ ಮೂರು ಬಂದಿದೆ. ನಾಲ್ಕನೆಯದರ ಕಾಗದದ ಚಿತ್ರವನ್ನು ನಿನ್ನೆ ರಾತ್ರಿ ಕಳಿಸಿದ, ಕೈ ಇನ್ನೂ ಭುಜದ ಹತ್ತಿರ ಇದೆ.